ತೂಕಕ್ಕೆ ಮರುಳಾದ ಕಿವಿ

ಕೆಲಸಕ್ಕೆ ಕೂರುವ ಮೊದಲು ಅವರು ಎರಡೂ ಕಿವಿಯ ಓಲೆ ಬಿಚ್ಚಿ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಇಡುತ್ತಿದ್ದರು. ಹಳೆಯ ಕಾಲದ ಭಾರದ ಓಲೆ. ಅದನ್ನು ಹೊತ್ತು ಹೊತ್ತು ಕಿವಿಯ ಹಾಲೆ ಜೋತುಬಿದ್ದು, ತೂತು ಅಕ್ಕಿಕಾಳಿನಷ್ಟು ಉದ್ದವಾಗಿತ್ತು. ಸ್ಟೀಲಿನ ಮುಚ್ಚಳಕ್ಕೆ ಓಲೆ ಬಿದ್ದ ಟಿಣ್ ಎಂಬ ಸದ್ದು ಕೇಳಿದರೆ ನಮ್ಮ ಆಫೀಸಿನಲ್ಲಿ ಎಲ್ಲರೂ ದನಿ ತಗ್ಗಿಸುತ್ತಿದ್ದರು. ಮೇಡಂ ಕೇಳಲು ಕೂತರು ಎಂದು ಅದರ ಅರ್ಥ.

ಇದು ಎರಡು ಸಾವಿರದ ದಶಕದ ನಡುವಿನ ಮಾತು. ದೆಹಲಿಯ ಪಕ್ಕದ ನೋಯ್ಡಾದ ಒಂದು ಕಟ್ಟಡದಲ್ಲಿ ನಮ್ಮ ಇಂಗ್ಲಿಷ್ ಮಾಸಪತ್ರಿಕೆಯ ಆಫೀಸು. ಮಾರುಕಟ್ಟೆಗೆ ಬಂದ ಮೊಬೈಲು, ಚಾರ್ಜರು, ಸ್ಪೀಕರು, ಹೆಡ್‌ಫೋನುಗಳನ್ನು ಪರೀಕ್ಷಿಸಿ, ನಕ್ಷತ್ರ ಕೊಟ್ಟು, ಜನ ಯಾವುದನ್ನು ಕೊಳ್ಳಬೇಕು, ಯಾವುದನ್ನು ಮುಟ್ಟಬಾರದು ಎಂದು ಹೇಳುವುದು ನಮ್ಮ ಕಸುಬು. ದನಿಗೆ ಸಂಬಂಧಿಸಿದ್ದಕ್ಕೆಲ್ಲ ಮೇಡಮ್ಮೇ ವಿಮರ್ಶಕಿ. ಅವರು ಕೊಡಗಿನವರು. ಗಂಡ ಸೈನ್ಯದಿಂದ ನಿವೃತ್ತರಾಗಿ ಇಲ್ಲೇ ಮನೆ ಮಾಡಿದ್ದರು. ಮೇಡಂ ಅದಕ್ಕೂ ಮುಂಚೆ ಬಹಳ ವರ್ಷ ರೇಡಿಯೋ ಕೇಂದ್ರವೊಂದರಲ್ಲಿ ಧ್ವನಿಮುದ್ರಣದ ಕೆಲಸ ಮಾಡಿದ್ದರು.

ನಾನು ದಾವಣಗೆರೆಯಿಂದ ಹೋಗಿ, ಘಾಜಿಯಾಬಾದಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ರೂಮು ಹಿಡಿದು, ಶೇರ್ ಆಟೋದಲ್ಲಿ ಮೊಣಕಾಲು ಮಡಚಿಕೊಂಡು ಆಫೀಸಿಗೆ ಹೋಗುತ್ತಿದ್ದ ಉಪಸಂಪಾದಕಿ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಸೇರಿದ ದಿನ ನನ್ನ ಹೆಸರು, ಊರು ಕೇಳಿದ ಮೇಡಂ ಕನ್ನಡಕದ ಮೇಲಿಂದ ನೋಡಿ, “ಅಬ್ಬ! ಇಷ್ಟು ವರ್ಷ ಇಲ್ಲಿ ಕನ್ನಡದಲ್ಲಿ ಬೈಯೋಕೆ ಒಬ್ಬರೂ ಇರಲಿಲ್ಲ. ಬಾ, ಬಾ” ಎಂದರು. ಮಾತಿಗೆ ತಪ್ಪಲಿಲ್ಲ. ಕಾಮಾ ಎಲ್ಲಿ ಹಾಕಬೇಕು ಎನ್ನುವುದರಿಂದ ಹಿಡಿದು ದುಪಟ್ಟಾ ಫ್ಯಾನಿಗೆ ಸಿಗದಂತೆ ಹೇಗೆ ಕಟ್ಟಬೇಕು ಎನ್ನುವವರೆಗೆ ನನಗೆ ಬೈದೇ ಕಲಿಸಿದರು.

ಅವರ ಕೇಳುವ ಕೋಣೆ ಹಿಂದೆ ಸಾಮಾನು ತುಂಬುವ ಕೋಣೆಯಾಗಿತ್ತು. ಹೊರಗಿನ ಜನರೇಟರ್ ಗದ್ದಲ ಒಳಗೆ ಬರದಿರಲಿ ಎಂದು ನಾಲ್ಕು ಗೋಡೆಗೂ ಹತ್ತಿ ತುಂಬಿದ ಹಳೆಯ ರಜಾಯಿ ಹೊಡೆಸಿದ್ದರು. ಜೂನ್ ತಿಂಗಳಲ್ಲಿ ಅಲ್ಲಿ ಕೂರುವುದೆಂದರೆ ಕಡುಬಿನ ಪಾತ್ರೆಯೊಳಗೆ ಕೂತ ಹಾಗೆ. ಪರೀಕ್ಷೆಗೆ ಬೇರೆಯವರು ದೊಡ್ಡ ದೊಡ್ಡ ಸಂಗೀತಗಾರರ ಸಿ.ಡಿ. ಹಾಕುತ್ತಾರೆ. ಮೇಡಂ ತಾವೇ ಒಂದು ಸಿ.ಡಿ. ಮಾಡಿಟ್ಟುಕೊಂಡಿದ್ದರು. ಅದರಲ್ಲಿ ಅವರ ಮನೆಯ ಕುಕ್ಕರಿನ ಸೀಟಿ, ದೆಹಲಿಯ ಬ್ಲೂಲೈನ್ ಬಸ್ಸಿನ ಹಾರನ್ನು, ಯಾರದೋ ಮದುವೆಯ ಢೋಲಕು ಇದ್ದವು. ಕೊನೆಯಲ್ಲಿ ಅವರ ಯಜಮಾನರ ಕೆಮ್ಮು.

“ಹಾಡು ಎಲ್ಲದರಲ್ಲೂ ಚೆನ್ನಾಗೇ ಕೇಳುತ್ತೆ ಮಾರಾಯ್ತಿ, ಅದು ಮೋಸ. ನಮ್ಮ ಯಜಮಾನರ ಕೆಮ್ಮು ಯಾವುದರಲ್ಲಿ ಅವರದ್ದೇ ಅನ್ನೋ ಹಾಗೆ ಕೇಳುತ್ತೋ ಅದು ಒಳ್ಳೇ ಹೆಡ್‌ಫೋನು” ಎನ್ನುತ್ತಿದ್ದರು.

ಚಹಾ ಹೊತ್ತಿನಲ್ಲಿ ಅವರು ಹೇಳುತ್ತಿದ್ದ ಒಂದು ರೇಡಿಯೋ ಕಥೆಯನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ಆದದ್ದು. ಧ್ವನಿಮುದ್ರಣ ಮುಗಿದ ಮೇಲೆ ಕಾರ್ಯಕ್ರಮದ ನಿರ್ಮಾಪಕರು ಬಂದು, “ದನಿ ಸ್ವಲ್ಪ ತೆಳ್ಳಗಾಯ್ತು, ದಪ್ಪ ಮಾಡಿ” ಎನ್ನುತ್ತಿದ್ದರಂತೆ. ಮೇಡಂ ಗುಂಡಿಯ ಮೇಲೆ ಕೈಯಿಟ್ಟು, ತಿರುಗಿಸಿದ ಹಾಗೆ ಮಾಡಿ, ಏನೂ ತಿರುಗಿಸದೆ ಅದೇ ಟೇಪನ್ನು ಇನ್ನೊಮ್ಮೆ ಹಾಕುತ್ತಿದ್ದರು. ನಿರ್ಮಾಪಕರು ತಲೆದೂಗಿ, “ಹಾಂ, ಅಬ್ ಠೀಕ್ ಹೈ” ಎಂದು ಎದ್ದು ಹೋಗುತ್ತಿದ್ದರು. “ಅದೇ ಟೇಪು! ಅದೇ ದನಿ!” ಎಂದು ಮೇಡಂ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಈ ಆಟಕ್ಕೆ ಅವರು ಇಟ್ಟ ಹೆಸರು ‘ಎರಡನೇ ಸಲ’. ಹೋಟೆಲಿನಲ್ಲಿ ಯಾರಾದರೂ ಸಾರು ಸಪ್ಪೆ ಎಂದು ವಾಪಸು ಕಳಿಸಿ, ಬಂದದ್ದನ್ನು ಚಪ್ಪರಿಸಿ ಉಂಡರೆ ಮೇಡಂ ನನ್ನ ಕಡೆ ತಿರುಗಿ, “ಎರಡನೇ ಸಲ” ಎಂದು ಕಣ್ಣು ಹೊಡೆಯುತ್ತಿದ್ದರು.

ಅವರಿಗೆ ತಮ್ಮ ಕಿವಿಯ ಬಗ್ಗೆ ಜಂಬವಿತ್ತು. ಸುಳ್ಳು ಹೇಳಿ ಪ್ರಯೋಜನವಿಲ್ಲ, ಬಹಳವೇ ಇತ್ತು. ಕಂಪನಿಯವರು ದೀಪಾವಳಿಗೆ ಕಳಿಸಿದ ಒಣಹಣ್ಣಿನ ಡಬ್ಬಿಯನ್ನೂ ಗೇಟಿನಿಂದಲೇ ವಾಪಸು ಕಳಿಸುವ ಹೆಂಗಸು. “ನನ್ನ ಹತ್ರ ಇರೋದು ಎರಡು ಕಿವಿ. ಅವಕ್ಕೆ ಒಣದ್ರಾಕ್ಷಿ ತುರುಕಿದ್ರೆ ಏನು ಕೇಳುತ್ತೆ?” ಎಂದು ಗದರುತ್ತಿದ್ದರು. ದೆಹಲಿಯ ನೆಹರೂ ಪ್ಲೇಸಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಅವರ ವಿಮರ್ಶೆಯ ಪುಟ ಕತ್ತರಿಸಿ ಗಾಜಿಗೆ ಅಂಟಿಸಿರುತ್ತಿದ್ದರು. ಅದನ್ನು ನೋಡಿದಾಗಲೆಲ್ಲ ನನಗೇ ಹೆಮ್ಮೆಯಾಗುತ್ತಿತ್ತು.

ಒಂದು ಮಧ್ಯಾಹ್ನ ರಿಸೆಪ್ಷನ್ನಿನಲ್ಲಿ ಜಗಳದ ಸದ್ದು ಕೇಳಿತು. ಘಾಜಿಯಾಬಾದಿನ ಓದುಗರೊಬ್ಬರು ಬಂದಿದ್ದರು. ನಡುವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಬಿಸಿಲಿಗೆ ಕೆಂಪಾದ ಮುಖ. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಆ ಮನುಷ್ಯ ಮೇಡಂ ನಾಲ್ಕೂವರೆ ನಕ್ಷತ್ರ ಕೊಟ್ಟಿದ್ದ ದುಬಾರಿ ಹೆಡ್‌ಫೋನನ್ನು ಮಗಳಿಗೆ ಕೊಡಿಸಿದ್ದರು. ಭಾವಮೈದನ ಮನೆಯಲ್ಲಿ ಬೇರೆ ಹೆಸರಿನ, ಅಗ್ಗದ ಒಂದು ಹೆಡ್‌ಫೋನು. ಅದಕ್ಕೂ ನಮ್ಮ ಪತ್ರಿಕೆಯಲ್ಲೇ ಕೆಲವು ತಿಂಗಳ ಹಿಂದೆ ವಿಮರ್ಶೆ ಬಂದಿತ್ತು, ಎರಡೇ ನಕ್ಷತ್ರ, ‘ತಗಡಿನ ದನಿ, ಕೊಳ್ಳಬೇಡಿ’ ಎಂದು. ಎರಡಕ್ಕೂ ಕೆಳಗೆ ಮೇಡಮ್ಮಿನ ಹೆಸರು. ಮಗಳ ಹೆಡ್‌ಫೋನು ಮುರಿದಾಗ ಅಂಟಿಸಲು ಬಿಚ್ಚಿದ್ದಾರೆ. ಅನುಮಾನ ಬಂದು ಭಾವಮೈದನದನ್ನೂ ಬಿಚ್ಚಿದ್ದಾರೆ.

ಮೇಜಿನ ಮೇಲೆ ಎರಡನ್ನೂ ಸುರಿದರು. ಒಳಗಿನ ಸ್ಪೀಕರು ಒಂದೇ, ತಂತಿ ಒಂದೇ, ಅದರ ಮೇಲಿನ ಚೀನೀ ಕಾರ್ಖಾನೆಯ ಮುದ್ರೆಯೂ ಒಂದೇ. ಒಂದೇ ಹಿಟ್ಟಿನ ದೋಸೆಗೆ ಎರಡು ಹೋಟೆಲಿನವರು ಬೋರ್ಡು ಹಾಕಿಕೊಂಡಿದ್ದರು. ಇದ್ದ ವ್ಯತ್ಯಾಸ ಇಷ್ಟೇ: ದುಬಾರಿಯದರ ಎರಡೂ ಬಟ್ಟಲಿನೊಳಗೆ ಒಂದೊಂದು ಕಬ್ಬಿಣದ ಬಿಲ್ಲೆ ಅಂಟಿಸಿತ್ತು. ಯಾವ ತಂತಿಗೂ ಸೇರಿರಲಿಲ್ಲ. ಕೈಗೆ ಭಾರವಾಗಿ ಹತ್ತಲಿ ಎಂದು ಇಟ್ಟದ್ದು.

“ಕಿತ್ನಾ ಮಿಲಾ, ಮೇಡಂಜೀ?” ಎಂದರು ಆ ಓದುಗರು. ಎಷ್ಟು ಸಿಕ್ಕಿತು ಎಂದು, ಇಡೀ ಆಫೀಸಿನ ಮುಂದೆ. ನಮ್ಮ ಪತ್ರಿಕೆಯ ಹಿಂಬದಿ ರಕ್ಷಾಪುಟದಲ್ಲಿ ಆ ದುಬಾರಿ ಹೆಡ್‌ಫೋನಿನದೇ ಜಾಹೀರಾತು ಬರುತ್ತಿತ್ತು. ಅದನ್ನೂ ಚೀಲದಿಂದ ತೆಗೆದು ತೋರಿಸಿದರು.

ನಾನು ಮೇಡಮ್ಮಿನ ಮುಖ ನೋಡಿದೆ. ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತಾ, “ಭಾರ ಇದ್ರೆ ಪ್ಲಾಸ್ಟಿಕ್ಕು ಅದುರೋದಿಲ್ಲ. ಅದರಿಂದಲೂ ದನಿ ಬದಲಾಗಬಹುದು. ನಾನು ಕೇಳಿದ್ದನ್ನೇ ಬರೆದದ್ದು” ಎಂದು ಹಿಂದಿಯಲ್ಲಿ ನಿಧಾನಕ್ಕೆ ಹೇಳಿದರು. ಆದರೆ ಕುತ್ತಿಗೆ ಬೆವೆತಿತ್ತು. ಅಷ್ಟರಲ್ಲಿ ಸಂಪಾದಕರು ಹೊರಬಂದರು. ಲಖನೌ ಕಡೆಯ ಮೆದು ಮಾತಿನ ಮನುಷ್ಯ. ಓದುಗರಿಗೆ ಹಣ ವಾಪಸು ಕೊಟ್ಟು ಕಳಿಸೋಣ ಎಂದು ನೋಡಿದರು. ಆ ಮನುಷ್ಯ ಜಗ್ಗಲಿಲ್ಲ. “ಹಣ ಬೇಡ. ಈಯಮ್ಮ ಸುಳ್ಳಿಯೋ ಅಲ್ಲವೋ ಹೇಳಿ” ಎಂದರು.

“ಪರೀಕ್ಷೆ ಮಾಡಿ” ಎಂದರು ಮೇಡಂ. “ಈಗಲೇ, ನಿಮ್ಮೆದುರಿಗೇ.”

ಬಿಚ್ಚಿದ್ದವು ಕೆಲಸಕ್ಕೆ ಬಾರವು. ಪರೀಕ್ಷೆಗೆ ಕಂಪನಿಗಳು ಕಳಿಸಿದ್ದ ಎರಡೂ ನಮ್ಮ ಕಪಾಟಿನಲ್ಲಿದ್ದವು. ಹೆಸರು ಕಾಣದ ಹಾಗೆ ಸುತ್ತಿಕೊಡು ಎಂದು ಮೇಡಂ ನನಗೆ ಹೇಳಿದರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಬ್ಯಾಂಡೇಜು ತೆಗೆದು ಎರಡಕ್ಕೂ ಸುತ್ತಿದೆ. ರಜಾಯಿ ಹೊಡೆದ ಆ ಕೋಣೆಯಲ್ಲಿ ಮೇಡಂ ಕುರ್ಚಿಯಲ್ಲಿ ಕೂತು ಓಲೆ ಬಿಚ್ಚಿದರು. ಟಿಣ್, ಟಿಣ್. ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟುಕೊಂಡು, “ಯಾವುದು ಮೊದಲು, ಯಾವುದು ಆಮೇಲೆ, ನಿನ್ನಿಷ್ಟ. ನನಗೆ ಹೇಳಬೇಡ” ಎಂದರು ನನಗೆ ಕನ್ನಡದಲ್ಲಿ. ಓದುಗರು ತಾವು ಬಿಚ್ಚಿ ತಂದ ಚೂರುಗಳನ್ನೂ ಬಿಲ್ಲೆಗಳನ್ನೂ ಅಲ್ಲಿನ ಮೇಜಿನ ಮೇಲಿಟ್ಟು ಗೋಡೆಗೆ ಒರಗಿ ನಿಂತರು. ಸಂಪಾದಕರು ಬಾಗಿಲಲ್ಲಿ.

ಅಗ್ಗದ್ದನ್ನು ಅವರ ತಲೆಗೆ ಹಾಕಿದೆ. ಕುಕ್ಕರು ಕೂಗಿತು, ಬಸ್ಸು ಹೋಯಿತು, ಢೋಲಕು ಬಡಿಯಿತು, ಯಜಮಾನರು ಕೆಮ್ಮಿದರು. ಮೇಡಂ ಹುಬ್ಬು ಗಂಟಿಕ್ಕಿ ಕೇಳಿ, ಮುಂದಿನದು ಎಂಬಂತೆ ಬೆರಳಾಡಿಸಿದರು.

ಆಗ ನನಗೆ ‘ಎರಡನೇ ಸಲ’ ನೆನಪಾಯಿತು. ಈ ಕಿವಿಗೆ ಯಾರೂ ಮೋಸ ಮಾಡಲಾರರು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅದೇ ಅಗ್ಗದ ಹೆಡ್‌ಫೋನನ್ನು ಇನ್ನೊಮ್ಮೆ ಹಾಕುತ್ತೇನೆ, ಹಗುರವಾಗಿದೆ, ಅದೇ ಅಗ್ಗದ್ದು ಎಂಬ ಸುಳಿವೂ ಸಿಗದಿರಲಿ ಎಂದು ಆ ಕಬ್ಬಿಣದ ಬಿಲ್ಲೆಗಳನ್ನು ತಲೆಯ ಮೇಲೆ ಬರುವ ಪಟ್ಟಿಗೆ ಕಟ್ಟುತ್ತೇನೆ, ದನಿಗೆ ಅದು ಸೋಕುವುದೂ ಇಲ್ಲ. ಮೇಡಂ ಕೇಳಿದ ಕೂಡಲೇ, “ಏಯ್, ಇದು ಮೊದಲಿನದೇ ಅಲ್ವಾ?” ಎಂದು ನಗುತ್ತಾರೆ, ಈ ಮನುಷ್ಯನ ಬಾಯಿ ಮುಚ್ಚುತ್ತದೆ. ಹೀಗೆಲ್ಲ ಕ್ಷಣದಲ್ಲಿ ಲೆಕ್ಕ ಹಾಕಿ, ಅವರ ಬೆನ್ನ ಹಿಂದೆ ನಿಂತು ಬಿಲ್ಲೆಗಳನ್ನು ಪಟ್ಟಿಗಿಟ್ಟು ಬ್ಯಾಂಡೇಜು ಸುತ್ತಿದೆ. ಓದುಗರು ನಾನು ಮಾಡುತ್ತಿದ್ದುದನ್ನು ನೋಡಿ ಬಾಯಿ ತೆರೆದರು. ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸಿದೆ.

ಕುಕ್ಕರು ಕೂಗಿತು. ಬಸ್ಸು ಹೋಯಿತು. ನಾನು ಅವರ ನಗುವಿಗೆ ಕಾದೆ. ನಗು ಬಂತು. ಆದರೆ ನಾನು ಕಾದ ನಗುವಲ್ಲ. ಮುಖದ ಗಂಟೆಲ್ಲ ಸಡಿಲಾಗಿ, ಬಿಸಿಲಿಂದ ನೆರಳಿಗೆ ಬಂದವರ ಹಾಗೆ ಮುಗುಳ್ನಕ್ಕರು. ಎಲ್ಲರಿಗೂ ತಿಳಿಯಲಿ ಎಂದು ಹಿಂದಿಯಲ್ಲಿ ಹೇಳಿದರು: “ಇದು. ಇದೇ ಆ ದುಬಾರಿಯದು. ಢೋಲಕಿನ ಎಡಗೈ ಪೆಟ್ಟು ಹೇಗೆ ತುಂಬಿಕೊಂಡು ಬರ್ತಿದೆ. ಮೊದಲಿನದರಲ್ಲಿ ನಮ್ಮ ಯಜಮಾನರ ಕೆಮ್ಮು ಬರೀ ಗಂಟಲಿಂದ ಬರ್ತಿತ್ತು. ಇದರಲ್ಲಿ ಎದೆಯಿಂದ ಬರ್ತಿದೆ.”

ದುಬಾರಿಯ ಹೆಡ್‌ಫೋನು ಮೇಜಿನ ಮೇಲೆ ಬ್ಯಾಂಡೇಜು ಸುತ್ತಿಕೊಂಡು ಹಾಗೇ ಬಿದ್ದಿತ್ತು. ಸಂಪಾದಕರು ಅದನ್ನು ನೋಡಿದರು, ನನ್ನನ್ನು ನೋಡಿದರು.

“ಕಣ್ಣು ಬಿಡಲಾ?” ಎಂದರು ಮೇಡಂ. ಹೆಡ್‌ಫೋನು ತೆಗೆಯಲೆಂದು ಕಣ್ಣು ಬಿಡದೆಯೇ ಕೈಯೆತ್ತಿ ತಲೆಯ ಪಟ್ಟಿ ಮುಟ್ಟಿದರು. ಬೆರಳಿಗೆ ಗಂಟು ಸಿಕ್ಕಿತು. ಬ್ಯಾಂಡೇಜಿನ ಮೇಲಿಂದಲೇ ಒಂದು ಬಿಲ್ಲೆ ಸವರಿದರು, ಇನ್ನೊಂದನ್ನೂ ಸವರಿದರು.

“ಇದು ಯಾವುದು?” ಕನ್ನಡದಲ್ಲಿ ಕೇಳಿದರು. “ಹೇಳು ಮಾರಾಯ್ತಿ.”

“ಮೊದಲಿನದೇ ಮೇಡಂ. ಅಗ್ಗದ್ದು. ಎರಡು ಸಲವೂ ಅದೇ.”

ಅವರು ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡರು. ಅದನ್ನೇ ನೋಡಿ, “ಎರಡನೇ ಸಲ” ಎಂದರು. ನಾನು ಅಳುವುದಕ್ಕೆ ಶುರುಮಾಡಿದೆ. ಅವರು ನನ್ನ ಕಡೆ ನೋಡದೆ ಓದುಗರ ಕಡೆ ತಿರುಗಿ, “ಭಾಯಿ ಸಾಹೇಬ್, ನಾನು ಹಣ ತೊಗೊಂಡಿಲ್ಲ. ತೊಗೊಂಡಿದ್ರೆ ಇಷ್ಟು ನಾಚಿಕೆ ಆಗ್ತಿರಲಿಲ್ಲವೇನೋ” ಎಂದರು. ಅಷ್ಟು ಹೊತ್ತು ಕುದಿಯುತ್ತಿದ್ದ ಆ ಮನುಷ್ಯ ತಲೆತಗ್ಗಿಸಿ ತಮ್ಮ ಚೀಲ ಮಡಚತೊಡಗಿದರು. ಹೋಗುವಾಗ, “ನಾನೂ ಅಂಗಡಿಯಲ್ಲಿ ಎರಡನ್ನೂ ಕೈಯಲ್ಲಿ ಹಿಡಿದು ನೋಡಿ, ಭಾರದ್ದನ್ನೇ ಕೊಂಡಿದ್ದು, ಮೇಡಂ” ಎಂದಷ್ಟೇ ಹೇಳಿದರು.

ಬಾಗಿಲು ಮುಚ್ಚಿದ ಮೇಲೆ ಸಂಪಾದಕರು ಕುರ್ಚಿ ಎಳೆದುಕೊಂಡು ಕೂತರು. ಕೆಟ್ಟವರಲ್ಲ. ಮೇಡಮ್ಮನ್ನು ಉಳಿಸಿಕೊಳ್ಳಬೇಕೆಂದೇ ಅವರಿಗೆ ಇದ್ದದ್ದು. ಆ ಓದುಗರು ಬೇರೆ ಪತ್ರಿಕೆಗೆ ಹೋದರೆ ನಾವು ಮುಳುಗಿದೆವು, ಅದಕ್ಕೆ ಮೊದಲು ನಾವೇ ಏನಾದರೂ ಪ್ರಕಟಿಸಬೇಕು ಎಂದರು. “ಅಗ್ಗದ್ದರ ವಿಮರ್ಶೆ ಈ ಹುಡುಗಿ ಬರೆದದ್ದು, ತಪ್ಪಿ ನಿಮ್ಮ ಹೆಸರು ಬಿತ್ತು ಅಂತ ಹಾಕೋಣ. ಇಬ್ಬರು ಮನುಷ್ಯರು, ಎರಡು ಅಭಿಪ್ರಾಯ. ಯಾರಿಗೂ ಏನೂ ಆಗೋಲ್ಲ.” ನನ್ನ ಕಡೆ ತಿರುಗಿ, ನಿನಗೇನಾದರೂ ತೊಂದರೆಯೇ ಎಂದು ಕೇಳಿದರು.

“ಇಲ್ಲ ಸರ್” ಎಂದೆ. ನಿಜವಾಗಿಯೂ ಇರಲಿಲ್ಲ. ಆ ಕ್ಷಣದಲ್ಲಿ ಮೇಡಂ ಆ ಕುರ್ಚಿಯಿಂದ ಮೊದಲಿನಂತೆ ಎದ್ದುಬಂದರೆ ಸಾಕಿತ್ತು ನನಗೆ.

“ನಿನ್ನನ್ನ ಯಾರು ಕೇಳಿದ್ರು?” ಎಂದು ಮೇಡಂ ಕನ್ನಡದಲ್ಲಿ ಗುಡುಗಿದರು. ಅಷ್ಟು ಜೋರಾಗಿ ಅವರು ನನಗೆ ಯಾವತ್ತೂ ಬೈದಿರಲಿಲ್ಲ. “ನಾಳೆ ನೀನು ಬೇರೆ ಕಡೆ ಕೆಲಸ ಕೇಳೋಕೆ ಹೋದಾಗ, ಕಿವುಡಿ ಬಂದಳು ಅಂತಾರೆ. ಕಿವುಡಿ ನಾನು. ಸುಮ್ನಿರು.” ಆಮೇಲೆ ಅಲ್ಲೇ ಕೂತು ಬರೆದರು. ಓದಿದಾಗ ಅದರಲ್ಲಿ ಇದ್ದದ್ದು ಇಷ್ಟು: ಎರಡೂ ವಿಮರ್ಶೆ ನನ್ನವೇ. ಎರಡೂ ಹೆಡ್‌ಫೋನು ಒಳಗೆ ಒಂದೇ. ನಾನು ಯಾರಿಂದಲೂ ಏನೂ ಪಡೆದಿಲ್ಲ. ಡಬ್ಬಿಯ ಅಂದವನ್ನೂ ಕೈಗೆ ಹತ್ತಿದ ಭಾರವನ್ನೂ ದನಿ ಎಂದು ತಿಳಿದು ಬರೆದೆ. ನನ್ನ ಮಾತು ನಂಬಿ ಕೊಂಡವರಲ್ಲಿ ಕ್ಷಮೆ ಕೇಳುತ್ತೇನೆ.

ಸಂಪಾದಕರು ಓದಿ ಹಣೆ ಒತ್ತಿಕೊಂಡರು. “ಲಂಚ ತಗೊಂಡೆ ಅಂದ್ರೂ ಜನ ಮರೀತಾರೆ ಮೇಡಂ. ಕಿವಿಯೇ ಸರಿಯಿಲ್ಲ ಅಂತ ನೀವೇ ಬರೆದರೆ ಮುಂದೆ ನಿಮ್ಮನ್ನ ಯಾರು ಓದುತ್ತಾರೆ?” ಮೇಡಂ ಮುಚ್ಚಳದಿಂದ ಓಲೆ ತೆಗೆದು ಹಾಕಿಕೊಳ್ಳತೊಡಗಿದರು. ಒಂದು ಓಲೆ ಎಷ್ಟು ಸಲ ತಳ್ಳಿದರೂ ತೂತಿಗೆ ಹೋಗಲಿಲ್ಲ. ನಾನೇ ಹಾಕಿಕೊಟ್ಟೆ.

ಬರೆದದ್ದು ಪತ್ರಿಕೆಯ ಮಾಲೀಕರ ಹತ್ತಿರ ಹೋಯಿತು. ದಿನಗಟ್ಟಲೆ ಉತ್ತರವಿಲ್ಲ. ಅಷ್ಟೂ ದಿನ ಮೇಡಂ ಹೊತ್ತಿಗೆ ಸರಿಯಾಗಿ ಬಂದು, ರಜಾಯಿ ಕೋಣೆಯಲ್ಲಿ ಏನನ್ನೂ ಕೇಳದೆ ಕೂತಿರುತ್ತಿದ್ದರು. ಓಲೆ ಬೀಳುವ ಸದ್ದಿಲ್ಲದ ಆಫೀಸಿನಲ್ಲಿ ಎಲ್ಲರೂ ಬೇಕೆಂದೇ ಜೋರಾಗಿ ಮಾತಾಡುತ್ತಿದ್ದ ಹಾಗೆ ನನಗೆ ಅನಿಸುತ್ತಿತ್ತು. ಕೊನೆಗೆ ಮೇಲಿಂದ ಮಾತು ಬಂತು. ಪ್ರಕಟಿಸಬಹುದು, ಆದರೆ ಆಯಮ್ಮ ಕೆಲಸ ಬಿಡಬೇಕು, ಪತ್ರಿಕೆ ಕ್ರಮ ಕೈಗೊಂಡಿದೆ ಎಂದು ಅದರ ಕೆಳಗೇ ಒಂದು ಸಾಲು ಬರಬೇಕು. ಮೇಡಂ ಅದನ್ನು ಕೇಳಿ, “ಒಂದಕ್ಷರ ಕತ್ತರಿಸದೆ ಹಾಕ್ತಾರಂತಾ?” ಎಂದರು. ಹಾಕುತ್ತಾರಂತೆ ಎಂದೆ. “ಸರಿ ಹಾಗಾದ್ರೆ” ಎಂದು ಎದ್ದು ಟಿಫಿನ್ ಡಬ್ಬಿ ತೊಳೆಯಲು ಹೋದರು.

ಬಿಡುವ ಮೊದಲು ಆ ಕೋಣೆಗೆ ಒಂದು ಪದ್ಧತಿ ಹಾಕಿಕೊಟ್ಟರು. ಬಂದ ಪ್ರತಿ ವಸ್ತುವಿಗೂ ಬ್ಯಾಂಡೇಜು ಸುತ್ತಬೇಕು, ಸುತ್ತಿದವರು ಬೇರೆ, ಕೇಳುವವರು ಬೇರೆ ಆಗಿರಬೇಕು. ಯಾವಾಗಲೋ ಒಮ್ಮೆ, ಹೇಳದೆ ಕೇಳದೆ, ಒಂದೇ ವಸ್ತುವನ್ನು ಎರಡು ಸಲ ಕೊಡಬೇಕು. ಸಿಕ್ಕಿಬಿದ್ದವರಿಗೆ ಬೈಯಬಾರದು. ಆಫೀಸಿನ ಹುಡುಗರು ಅದನ್ನು ಆಸ್ಪತ್ರೆ ಎಂದು ಕರೆದು ನಗುತ್ತಿದ್ದರು. ನಾನು ಮುಂದೆ ಬೇರೆ ಬೇರೆ ಕಡೆ ಇದೇ ಕೆಲಸ ಮಾಡಿದೆ. ಹೋದಲ್ಲೆಲ್ಲ ಬ್ಯಾಂಡೇಜು ಕೊಂಡೊಯ್ದೆ. ಆ ಕೋಣೆಯಲ್ಲಿ ಕಲಿತದ್ದೇ ಇಂದಿಗೂ ನನ್ನ ಅನ್ನ.

ಊರು ಸುಮ್ಮನಿರುತ್ತದೆಯೇ? ದೆಹಲಿಯ ಕನ್ನಡಿಗರ ಸಂತರ್ಪಣೆಯೊಂದರಲ್ಲಿ ಒಬ್ಬರು, “ತಿಂದದ್ದು ಅರಗಲಿಲ್ಲ, ಅದಕ್ಕೆ ಈ ನಾಟಕ” ಎಂದದ್ದು ನನ್ನ ಕಿವಿಗೇ ಬಿತ್ತು. ನಾನು ಎಲೆ ಬಿಟ್ಟು ಏಳಲು ಹೋದರೆ ಮೇಡಂ ಮೊಣಕೈ ಹಿಡಿದು ಕೂರಿಸಿ, “ಪಾಯಸ ಬರ್ತಿದೆ, ಕೂತ್ಕೊ” ಎಂದರು. ಅವರ ಯಜಮಾನರು ಮಾತ್ರ ಮನೆಗೆ ಹೋಗುವ ದಾರಿಯಲ್ಲಿ, ಯಾರಿಗೆ ಎಂದಿಲ್ಲದೆ, “ಗುರಿ ತಪ್ಪಿದ್ರೆ ತಪ್ಪಿತು ಅನ್ಬೇಕು. ಬಂದೂಕನ್ನ ಬೈಬಾರದು, ಪಕ್ಕದವನನ್ನೂ ಬೈಬಾರದು. ನಮ್ಮ ಪಲ್ಟನ್‌ನಲ್ಲಿ ಎಷ್ಟೋ ಜನಕ್ಕೆ ಅದು ಬರ್ತಿರಲಿಲ್ಲ” ಎಂದು ಹೇಳಿ ಕೆಮ್ಮಿದರು.

ಕೆಲವು ವರ್ಷಗಳಾದ ಮೇಲೆ ಮೇಡಮ್ಮಿಗೆ ನಿಜವಾಗಿಯೂ ಕಿವಿ ಮಂದವಾಯಿತು. ಒಂದು ಭಾನುವಾರ ಬರಹೇಳಿದರು. ಅಂಗಡಿಯವನು ಕಿವಿಯ ಎರಡು ಯಂತ್ರ ಕೊಟ್ಟು, ಮನೆಯಲ್ಲಿ ನೋಡಿ ಒಂದನ್ನು ಇಟ್ಟುಕೊಳ್ಳಿ ಎಂದಿದ್ದನಂತೆ. ಒಂದು ಮಖಮಲ್ಲಿನ ಪೆಟ್ಟಿಗೆಯಲ್ಲಿತ್ತು, ಇನ್ನೊಂದು ಮಾಮೂಲಿ ರಟ್ಟಿನದರಲ್ಲಿ. ಮೇಡಂ ಅವನ್ನು ತೆರೆದೂ ನೋಡಿರಲಿಲ್ಲ. ಪೆಟ್ಟಿಗೆಗಳ ಮೇಲೆ ಒಂದು ಟವೆಲ್ಲು ಹಾಸಿ ಕಾದಿದ್ದರು. “ಬ್ಯಾಂಡೇಜು ತಂದೆಯಾ?” ಎಂದರು. ತಂದಿದ್ದೆ, ಬಿಳಿಯ ಪ್ಲಾಸ್ಟರು. ಅವರ ಕಣ್ಣಿಗೆ ಬೀಳದ ಹಾಗೆ ಎರಡು ಯಂತ್ರಕ್ಕೂ ಸುತ್ತಿದೆ.

ಓಲೆ ಬಿಚ್ಚಿ ಮುಚ್ಚಳಕ್ಕೆ ಹಾಕಿದರು. ಆ ಟಿಣ್ ಸದ್ದು ಈಗ ಅವರಿಗೆ ಕೇಳಿಸಲಿಲ್ಲ ಎಂದು ನನಗೆ ಗೊತ್ತಾಯಿತು. ಕಣ್ಣು ಮುಚ್ಚಿ ಕೂತರು. ನಾನು ಒಂದನ್ನು ಹಾಕಿದೆ. ಯಜಮಾನರು ಎದುರು ಕೂತು, ಹೇಳಿಕೊಟ್ಟಂತೆ, ಪೇಪರಿನ ಎರಡು ಸಾಲು ಓದಿ ಕೆಮ್ಮಿದರು. ತೆಗೆದೆ. ನನ್ನ ಕೈ ತಾನಾಗಿಯೇ ಅದನ್ನೇ ಮತ್ತೆ ಎತ್ತಿಕೊಂಡಿತು. ಬೇಡ, ಈ ವಯಸ್ಸಿನಲ್ಲಿ ಬೇಡ ಎನಿಸಿತು. ಆದರೆ ಅವರೇ ಹಾಕಿಕೊಟ್ಟ ಪದ್ಧತಿ ಅದು. ಅದನ್ನೇ ಇನ್ನೊಮ್ಮೆ ಹಾಕಿದೆ. ಯಜಮಾನರು ಓದಿದರು, ಕೆಮ್ಮಿದರು.

ಮೇಡಂ ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ ನೋಡಿದರು.

“ನನಗೇನೂ ವ್ಯತ್ಯಾಸ ಗೊತ್ತಾಗ್ಲಿಲ್ಲ ಮಾರಾಯ್ತಿ” ಎಂದರು. “ಎರಡು ಸಲಾನೂ ಇವರದ್ದೇ ಕೆಮ್ಮು.”

ಕಣ್ಣು ಬಿಟ್ಟು ನನ್ನ ಮುಖ ನೋಡಿದವರು ಎಲ್ಲ ತಿಳಿದುಕೊಂಡು, ಹಳೆಯ ಹಾಗೆ ತೊಡೆ ತಟ್ಟಿಕೊಂಡು ನಕ್ಕರು. ಆಮೇಲೆ ಎರಡನೆಯ ಯಂತ್ರವನ್ನೂ ಹಾಕಿಸಿಕೊಂಡು, ಪ್ಲಾಸ್ಟರು ಬಿಚ್ಚದೆಯೇ ಒಂದನ್ನು ಆರಿಸಿದರು. ಅದು ಯಾವ ಪೆಟ್ಟಿಗೆಯದು ಎಂದು ನಾನು ಬಾಯಿ ತೆರೆಯುವ ಮೊದಲೇ ಕೈಯೆತ್ತಿ ತಡೆದರು. “ಹೇಳಬೇಡ. ಇನ್ನೊಂದನ್ನ ನೀನೇ ಅಂಗಡಿಗೆ ಕೊಟ್ಟು ಬಾ. ಈ ಪೆಟ್ಟಿಗೆ ಎರಡೂ ಮನೇಲಿರೋದು ಬೇಡ.”

ಮರುವರ್ಷದ ಚಳಿಗಾಲದಲ್ಲಿ ಮೇಡಂ ತೀರಿಕೊಂಡರು. ನಾನು ಹೋದಾಗ ಯಜಮಾನರು ಹೊರಗೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ಟಿಫಿನ್ ಡಬ್ಬಿಯ ಮುಚ್ಚಳ, ಅದರಲ್ಲಿ ಓಲೆ, ಓಲೆಯ ಪಕ್ಕದಲ್ಲಿ ಆ ಯಂತ್ರ. ಪ್ಲಾಸ್ಟರು ಮಾಸಿ ಕಂದಾಗಿತ್ತು, ಅಂಚಿನಲ್ಲಿ ಎದ್ದಲ್ಲೆಲ್ಲ ಅದರ ಮೇಲೆ ಮತ್ತೆ ಹೊಸ ಪ್ಲಾಸ್ಟರು ಸುತ್ತಿತ್ತು.

“ಕಿತ್ತುಹೋದಾಗೆಲ್ಲ ನನ್ನ ಹತ್ರ ಸುತ್ತಿಸ್ಕೊಳ್ತಿದ್ಳು, ತಾನು ಕಣ್ಣು ಮುಚ್ಕೊಂಡು” ಎಂದರು. “ಇದರ ಮೇಲೆ ಯಾವ ಹೆಸರಿದೆ ಅಂತ ನಿನಗೂ ನನಗೂ ಮಾತ್ರ ಗೊತ್ತು.”

“ಹೌದು ಅಂಕಲ್” ಎಂದೆ.

ಅವರು ಮುಚ್ಚಳವನ್ನು ನನ್ನ ಕೈಗೆ ಕೊಟ್ಟು ಕೆಮ್ಮಿದರು. ಯಾರಾದರೂ ಕೇಳಿಸಿಕೊಂಡರೇ ಎನ್ನುವಂತೆ ಒಳಬಾಗಿಲ ಕಡೆ ತಿರುಗಿ ನೋಡಿದರು.